ಕ್ಯಾಡ್ ಕಡತ ಪರಿವರ್ತನೆಯ ವಿದ್ಯಾರ್ಥಿ ಪ್ರಾಜೆಕ್ಟ್: ಕೋಡ್‌ಗೆ ಮುಂಚಿನ ಯೋಜನೆ

ಓಪನ್‌ಸ್ಕ್ಯಾಡ್ ಎಂಬ ಕ್ಯಾಡ್ (ಕಂಪ್ಯೂಟರಿನಲ್ಲಿ ವಸ್ತುಗಳ ಆಕಾರ ರಚಿಸುವ) ತಂತ್ರಾಂಶದಲ್ಲಿ ನಟ್ ಒಂದರ ಆಕಾರವನ್ನು ಬರೆಯುವವರು ಸಾಮಾನ್ಯವಾಗಿ ‘ಸಿಲಿಂಡರ್’ ಎಂಬ ಆದೇಶವನ್ನೇ ಬಳಸಿ, ವೃತ್ತವನ್ನು ಎಷ್ಟು ಬಾಹುಗಳಾಗಿ ಒಡೆಯಬೇಕೆಂದು ತಿಳಿಸುವ ‘ಎಫ್‌ಎನ್’ ಮೌಲ್ಯವನ್ನು 6 ಎಂದು ಕೊಡುತ್ತಾರೆ. ಆರು ಮೂಲೆಯ ಪಟ್ಟಕ ಸಿದ್ಧವಾಗುತ್ತದೆ. ಈ ಕಡತವನ್ನು ಇನ್ನೊಂದು ಕ್ಯಾಡ್ ತಂತ್ರಾಂಶಕ್ಕೆ ಒಯ್ಯುವ ಪರಿವರ್ತಕವು ‘ಸಿಲಿಂಡರ್’ ಎಂಬ ಪದವನ್ನಷ್ಟೇ ಓದಿದರೆ ಆ ಕಡೆ ಸಿಗುವುದು ನುಣುಪಾದ ದುಂಡು ಬಿಲ್ಲೆ. ದೋಷದ ಸಂದೇಶ ಬರುವುದಿಲ್ಲ, ಕಡತ ಸರಾಗವಾಗಿ ತೆರೆದುಕೊಳ್ಳುತ್ತದೆ, ಆದರೆ ಸ್ಪ್ಯಾನರ್ ಹಿಡಿಯಬೇಕಾದ ಅಂಚುಗಳೇ ಅಲ್ಲಿ ಇರುವುದಿಲ್ಲ.

ಕಡತ ಪರಿವರ್ತನೆಯನ್ನು ಪ್ರಾಜೆಕ್ಟ್ ಆಗಿ ಆರಿಸಿಕೊಳ್ಳುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬಹುತೇಕ ಇದನ್ನು ‘ಒಂದು ಕಡತ ಓದಿ ಇನ್ನೊಂದು ಕಡತ ಬರೆಯುವ’ ಕೆಲಸವೆಂದು ತಿಳಿದು ನೇರವಾಗಿ ಕೋಡ್‌ಗೆ ಇಳಿಯುತ್ತಾರೆ. ಓದುವುದೂ ಬರೆಯುವುದೂ ಈ ಕೆಲಸದ ಸುಲಭದ ಭಾಗಗಳು. ಮೂಲ ಕಡತದಲ್ಲಿರುವ ಅರ್ಥದಲ್ಲಿ ಯಾವುದು ಹಾಗೆಯೇ ದಾಟುತ್ತದೆ, ಯಾವುದು ಅಂದಾಜಾಗಿ ದಾಟುತ್ತದೆ, ಯಾವುದು ದಾಟುವುದೇ ಇಲ್ಲ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಕಷ್ಟದ ಭಾಗ, ಮತ್ತು ಪ್ರಾಜೆಕ್ಟ್ ನಿಲ್ಲುವುದೂ ಬೀಳುವುದೂ ಅದರ ಮೇಲೆಯೇ. ಆದ್ದರಿಂದ ಇಲ್ಲಿ ಹೇಳುವ ಹೆಜ್ಜೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಕೋಡ್ ಬರೆಯುವುದಕ್ಕೆ ಮುಂಚಿನವು.

ಮೊದಲು, ಒಂದೇ ಜೋಡಿ ಮತ್ತು ಒಂದೇ ದಿಕ್ಕು

‘ಎಲ್ಲ ಕ್ಯಾಡ್ ಫಾರ್ಮ್ಯಾಟ್‌ಗಳ ನಡುವಿನ ಪರಿವರ್ತಕ’ ಎಂಬ ಶೀರ್ಷಿಕೆಯ ಪ್ರಸ್ತಾವನೆ ಒಂದು ಸೆಮಿಸ್ಟರ್‌ನಲ್ಲಿ ಮುಗಿಯುವುದಿಲ್ಲ. ಒಂದು ಮೂಲ ಫಾರ್ಮ್ಯಾಟ್, ಒಂದು ಗುರಿ ಫಾರ್ಮ್ಯಾಟ್ ಮತ್ತು ಒಂದು ದಿಕ್ಕನ್ನು ಮಾತ್ರ ಆರಿಸಿಕೊಳ್ಳಿ. ಆರಿಸುವಾಗ ಎರಡೂ ಕಡೆಯವು ಆಕಾರವನ್ನು ಯಾವ ಬಗೆಯಲ್ಲಿ ಹೇಳುತ್ತವೆ ಎಂಬುದನ್ನು ಗಮನಿಸಬೇಕು. 1987ರಲ್ಲಿ ತ್ರೀಡಿ ಸಿಸ್ಟಮ್ಸ್ ಸಂಸ್ಥೆ ರೂಪಿಸಿದ ಎಸ್‌ಟಿಎಲ್ ಎಂಬ ಫಾರ್ಮ್ಯಾಟ್‌ನಲ್ಲಿ ಇರುವುದು ಬರಿಯ ತ್ರಿಕೋನಗಳು. ಅಳತೆಯ ಮಾನ ಮಿಲಿಮೀಟರೋ ಇಂಚೋ ಎಂಬುದಕ್ಕೂ ಅದರಲ್ಲಿ ಜಾಗವಿಲ್ಲ. ಐಎಸ್ಒ 10303 ಎಂಬ ಮಾನದಂಡವಾದ ಸ್ಟೆಪ್, ಘನವಸ್ತುವಿನ ಹೊರಮೈಯನ್ನು ನಿಖರವಾದ ಸಮತಲ, ಸಿಲಿಂಡರ್, ವಕ್ರಮೈಗಳಾಗಿ ಹೇಳುತ್ತದೆ. ಮೂರನೆಯ ಬಗೆಯೊಂದಿದೆ: ಗೋಳ, ಸಿಲಿಂಡರ್, ಪೆಟ್ಟಿಗೆಯಂತಹ ಮೂಲ ಆಕಾರಗಳನ್ನು ಕೂಡಿಸಿ, ಕಳೆದು, ಛೇದಿಸಿ ವಸ್ತುವನ್ನು ಕಟ್ಟುವ ಕ್ರಮ, ಅಂದರೆ ಸಿಎಸ್‌ಜಿ. ಒಂದೇ ಬಗೆಯ ಎರಡು ಫಾರ್ಮ್ಯಾಟ್‌ಗಳ ನಡುವೆ ಅರ್ಥ ಚೆನ್ನಾಗಿ ದಾಟುತ್ತದೆ. ತ್ರಿಕೋನಗಳಿಂದ ನಿಖರ ಸಿಲಿಂಡರನ್ನು ಮರಳಿ ಕಂಡುಹಿಡಿಯುವ ಕೆಲಸ ಸಂಶೋಧನೆಯ ಮಟ್ಟದ್ದು, ಅದನ್ನು ಸೆಮಿಸ್ಟರ್ ಪ್ರಾಜೆಕ್ಟ್ ಮಾಡಿಕೊಳ್ಳಬಾರದು.

ಈ ಕಾರಣದಿಂದ ನಾನು ಇಲ್ಲಿ ಉದಾಹರಣೆಗೆ ಮೂರನೆಯ ಬಗೆಯ ಜೋಡಿಯೊಂದನ್ನು ಹಿಡಿದಿದ್ದೇನೆ: ಓಪನ್‌ಸ್ಕ್ಯಾಡ್‌ನ ಸಿಎಸ್‌ಜಿ ಕಡತವನ್ನು ಓದಿ ಬಿಆರ್‌ಎಲ್-ಕ್ಯಾಡ್‌ನ ಜಿ ಕಡತವನ್ನು ಬರೆಯುವ ಪರಿವರ್ತಕ. ಬಿಆರ್‌ಎಲ್-ಕ್ಯಾಡ್ 1979ರಲ್ಲಿ ಅಮೆರಿಕದ ಸೇನೆಯ ಬ್ಯಾಲಿಸ್ಟಿಕ್ ರಿಸರ್ಚ್ ಲ್ಯಾಬೊರೇಟರಿಯಲ್ಲಿ ಮೈಕ್ ಮೂಸ್ ಅವರ ಕೈಯಲ್ಲಿ ಆರಂಭವಾಗಿ, 2004ರ ಡಿಸೆಂಬರ್‌ನಲ್ಲಿ ಮುಕ್ತ ತಂತ್ರಾಂಶವಾಯಿತು. ಜಾಲದ ಸಂಪರ್ಕವನ್ನು ಪರೀಕ್ಷಿಸಲು ನಾವೆಲ್ಲ ಬಳಸುವ ‘ಪಿಂಗ್’ ಆದೇಶವನ್ನು ಬರೆದವರೂ ಅವರೇ. ಓಪನ್‌ಸ್ಕ್ಯಾಡ್ ಅದಕ್ಕಿಂತ ಬಹಳ ಕಿರಿಯದು. ಅಲ್ಲಿ ಮಾದರಿಯನ್ನು ಮೌಸ್‌ನಿಂದ ಎಳೆಯುವುದಿಲ್ಲ, ಪ್ರೋಗ್ರಾಂನಂತೆ ಬರೆಯಲಾಗುತ್ತದೆ. ಆ ಪ್ರೋಗ್ರಾಂನಲ್ಲಿ ಲೂಪ್, ಮಾಡ್ಯೂಲ್, ಚರಗಳೆಲ್ಲ ಇರುತ್ತವೆಯಾದ್ದರಿಂದ ಅದನ್ನೇ ನೇರವಾಗಿ ಓದುವುದೆಂದರೆ ಒಂದು ಭಾಷೆಯ ಇಂಟರ್‌ಪ್ರಿಟರನ್ನೇ ಬರೆದಂತಾಗುತ್ತದೆ. ಸಿಎಸ್‌ಜಿ ಕಡತವಾಗಿ ರಫ್ತು ಮಾಡಿದಾಗ ಓಪನ್‌ಸ್ಕ್ಯಾಡ್ ತಾನೇ ಲೂಪುಗಳನ್ನು ಬಿಡಿಸಿ, ಚರಗಳಿಗೆ ಬೆಲೆ ತುಂಬಿ, ಮೂಲ ಆಕಾರಗಳೂ, ಅವುಗಳ ಸ್ಥಾನ, ಅಳತೆಗಳನ್ನು ಬದಲಿಸುವ ಮಾತೃಕೆಗಳೂ, ಕೂಡಿಸುವ, ಕಳೆಯುವ, ಛೇದಿಸುವ ಬೂಲಿಯನ್ ಕ್ರಿಯೆಗಳೂ, ಇನ್ನು ಕೆಲವು ಕ್ರಿಯೆಗಳೂ ಮಾತ್ರ ಇರುವ ಸರಳ ಮರವನ್ನು ಕೊಡುತ್ತದೆ. ಇಂತಹ ಅಡ್ಡದಾರಿ ಎಲ್ಲಿದೆಯೆಂದು ಹುಡುಕುವುದಕ್ಕೆ ಒಂದು ದಿನ ಕೊಟ್ಟರೆ ಒಂದು ತಿಂಗಳು ಉಳಿಯುತ್ತದೆ.

ಜೋಡಿಯನ್ನು ಗೊತ್ತುಮಾಡುವ ಮುನ್ನ ಅದೇ ಕೆಲಸ ಈಗಾಗಲೇ ಆಗಿದೆಯೇ ಎಂದು ಗುರಿ ತಂತ್ರಾಂಶದ ಮೂಲ ಕೋಡ್‌ನಲ್ಲಿ ಮತ್ತು ಅದರ ದೋಷಪಟ್ಟಿಯಲ್ಲಿ ಹುಡುಕಿರಿ. ಬೇರೆ ತಂತ್ರಾಂಶದಲ್ಲಿ ಆಗಿದ್ದರೂ ಅದು ನಿಮಗೆ ಲಾಭವೇ. ಫ್ರೀಕ್ಯಾಡ್‌ನ ಓಪನ್‌ಸ್ಕ್ಯಾಡ್ ವರ್ಕ್‌ಬೆಂಚ್ ಸಿಎಸ್‌ಜಿ ಕಡತಗಳನ್ನು ಓದುತ್ತದೆ, ಅದರ ಕೋಡ್ ಪೈಥಾನ್‌ನಲ್ಲಿದೆ, ಮತ್ತು ಮೊದಲಿಗೆ ಹೇಳಿದ ನಟ್‌ನ ಸಮಸ್ಯೆಗಾಗಿಯೇ ಅಲ್ಲಿ ಒಂದು ಸೆಟ್ಟಿಂಗ್ ಇದೆ: ಗೊತ್ತುಪಡಿಸಿದ ಸಂಖ್ಯೆಗಿಂತ ಕಡಿಮೆ ಬಾಹುಗಳಿದ್ದರೆ ಅದನ್ನು ಬಹುಭುಜವೆಂದೂ ಹೆಚ್ಚಿದ್ದರೆ ವೃತ್ತವೆಂದೂ ತಿಳಿಯಬೇಕೆಂಬುದು ಅದರ ತಾತ್ಪರ್ಯ.

ಅರ್ಥದ ಪಟ್ಟಿ

ಇದು ಇಡೀ ಯೋಜನೆಯ ತಿರುಳು. ಒಂದು ಹಾಳೆಯ ಎಡಗಡೆ ಮೂಲ ಫಾರ್ಮ್ಯಾಟ್‌ನಲ್ಲಿ ಬರಬಹುದಾದ ಪ್ರತಿಯೊಂದು ಅಂಶವನ್ನೂ ಬರೆದು, ಬಲಗಡೆ ಗುರಿಯಲ್ಲಿ ಅದಕ್ಕೆ ಸಮನಾದದ್ದನ್ನೂ, ಅದರ ಮುಂದೆ ‘ನಿಖರ’, ‘ಅಂದಾಜು’, ‘ಇಲ್ಲ’ ಎಂಬ ಮೂರರಲ್ಲಿ ಒಂದನ್ನೂ ಬರೆಯಿರಿ.

ನಮ್ಮ ಉದಾಹರಣೆಯಲ್ಲಿ ಓಪನ್‌ಸ್ಕ್ಯಾಡ್‌ನ ‘ಕ್ಯೂಬ್’ ಬಿಆರ್‌ಎಲ್-ಕ್ಯಾಡ್‌ನ ಎಂಟು ಮೂಲೆಯ ಆರ್ಬ್8 ಆಗುತ್ತದೆ. ಗೋಳಕ್ಕೆ ಗೋಳವಿದೆ, ಮಾತೃಕೆ ಅದನ್ನು ಒಂದು ದಿಕ್ಕಿನಲ್ಲಿ ಮಾತ್ರ ಎಳೆದಿದ್ದರೆ ದೀರ್ಘಗೋಳವಿದೆ. ಎರಡೂ ತುದಿಯ ತ್ರಿಜ್ಯ ಒಂದೇ ಆದರೆ ಸಿಲಿಂಡರ್, ಬೇರೆಯಾದರೆ ಶಂಕುವಿನ ಭಿನ್ನಕ, ಅಂದರೆ ತುದಿ ಕತ್ತರಿಸಿದ ಶಂಕು. ತುದಿಯ ತ್ರಿಜ್ಯ ಸೊನ್ನೆಯಾದ ಚೂಪು ಶಂಕುವನ್ನು ಗುರಿ ತಂತ್ರಾಂಶ ಒಪ್ಪುತ್ತದೆಯೇ ಎಂಬುದನ್ನು ದಾಖಲೆಯಲ್ಲಿ ಓದಿ ಸುಮ್ಮನಾಗದೆ ಕೈಯಾರೆ ಪರೀಕ್ಷಿಸಿ ಪಟ್ಟಿಯಲ್ಲಿ ಬರೆಯಿರಿ. ಬಹುಮುಖಿಯು ಬಿಆರ್‌ಎಲ್-ಕ್ಯಾಡ್‌ನಲ್ಲಿ ‘ಬಾಟ್’, ಅಂದರೆ ತ್ರಿಕೋನಗಳ ಚೀಲ, ಆಗುತ್ತದೆ. ಇಲ್ಲೊಂದು ಸೂಕ್ಷ್ಮವಿದೆ: ಓಪನ್‌ಸ್ಕ್ಯಾಡ್‌ನಲ್ಲಿ ಮುಖದ ಬಿಂದುಗಳನ್ನು ಹೊರಗಿನಿಂದ ನೋಡಿದಾಗ ಗಡಿಯಾರದ ಮುಳ್ಳು ಸಾಗುವ ದಿಕ್ಕಿನಲ್ಲಿ ಕೊಡಬೇಕೆಂಬ ನಿಯಮವಿದ್ದರೆ, ಬಾಟ್‌ಗೆ ಯಾವ ದಿಕ್ಕೆಂಬುದನ್ನು ಬರೆಯುವವರೇ ಹೇಳಬೇಕು. ಇದನ್ನು ತಪ್ಪಾಗಿ ಹೇಳಿದರೆ ಒಳಗು ಹೊರಗಾಗುತ್ತದೆ.

ತಿರುಚಿಲ್ಲದ ನೇರ ಎಳೆತಕ್ಕೆ, ಅಂದರೆ ‘ಲೀನಿಯರ್ ಎಕ್ಸ್‌ಟ್ರೂಡ್‌’ಗೆ, ಆ ಕಡೆ ರೇಖಾಚಿತ್ರವನ್ನು ಎಳೆದು ಘನವಾಗಿಸುವ ಆಕಾರವಿದೆ. ಆಕಾರಗಳನ್ನು ಬಿಗಿಯಾಗಿ ಹೊದಿಸಿದಂತೆ ಸುತ್ತುವ ‘ಹಲ್’ ಮತ್ತು ಒಂದು ಆಕಾರವನ್ನು ಇನ್ನೊಂದರ ಮೇಲೆಲ್ಲ ಸರಿಸಿ ಹಿಗ್ಗಿಸುವ ‘ಮಿಂಕೋವ್ಸ್ಕಿ’ ಎಂಬ ಎರಡು ಕ್ರಿಯೆಗಳಿಗೆ ಹಾಗೂ ತಿರುಚಿದ ಎಳೆತಕ್ಕೆ ನೇರ ಸಮಾನವಿಲ್ಲ. ಇಂತಹ ಕಡೆ ಕೈಚೆಲ್ಲಬೇಕಾಗಿಲ್ಲ. ಮರದ ಆ ಕೊಂಬೆಯನ್ನು ಮಾತ್ರ ತಾತ್ಕಾಲಿಕ ಕಡತಕ್ಕೆ ಬರೆದು, ಓಪನ್‌ಸ್ಕ್ಯಾಡ್‌ನಿಂದಲೇ ತ್ರಿಕೋನಗಳಾಗಿ ಪಡೆದು, ಬಾಟ್ ಆಗಿ ಸೇರಿಸಬಹುದು. ಆದರೆ ಪಟ್ಟಿಯಲ್ಲಿ ಅದರ ಮುಂದೆ ‘ಅಂದಾಜು’ ಎಂದೇ ಬರೆಯಬೇಕು, ಪರಿವರ್ತಕವೂ ಓಡುವಾಗ ಹಾಗೆಂದೇ ಬಳಕೆದಾರರಿಗೆ ತಿಳಿಸಬೇಕು.

ಇನ್ನು ಕಣ್ತಪ್ಪುವ ಅಂಶಗಳು. ಶೇಕಡಾ ಚಿಹ್ನೆಯಿಂದ ಗುರುತಿಸಿದ ಕೊಂಬೆ ಓಪನ್‌ಸ್ಕ್ಯಾಡ್‌ನಲ್ಲಿ ಹಿನ್ನೆಲೆಗಾಗಿ ತೋರಿಸುವುದೇ ಹೊರತು ಅಂತಿಮ ವಸ್ತುವಿನ ಭಾಗವಲ್ಲ, ಆದ್ದರಿಂದ ಅದನ್ನು ಬಿಡಬೇಕು. ಓಪನ್‌ಸ್ಕ್ಯಾಡ್‌ನ ಸಂಖ್ಯೆಗಳಿಗೆ ಮಾನವಿಲ್ಲ, ಬಿಆರ್‌ಎಲ್-ಕ್ಯಾಡ್ ಎಲ್ಲವನ್ನೂ ಒಳಗೆ ಮಿಲಿಮೀಟರ್‌ನಲ್ಲೇ ಇಟ್ಟುಕೊಳ್ಳುತ್ತದೆ. ಹಾಗಾಗಿ ಮಿಲಿಮೀಟರ್ ಎಂದು ಊಹಿಸಿ, ಬೇರೆ ಮಾನವನ್ನು ಬಳಕೆದಾರರು ಹೇಳಲು ಒಂದು ಆಯ್ಕೆಯನ್ನು ಕೊಡಬೇಕು. ಬಿಆರ್‌ಎಲ್-ಕ್ಯಾಡ್‌ನಲ್ಲಿ ‘ರೀಜನ್’ ಎಂಬ ಕಲ್ಪನೆಯಿದೆ, ಒಂದೇ ವಸ್ತುವಿನಿಂದ ತುಂಬಿದ ಜಾಗ ಎಂದು ಅದರ ಅರ್ಥ, ಮತ್ತು ಎರಡು ರೀಜನ್‌ಗಳು ಒಂದರೊಳಗೊಂದು ನುಗ್ಗಬಾರದು. ಓಪನ್‌ಸ್ಕ್ಯಾಡ್‌ನಲ್ಲಿ ಅಂತಹ ಕಲ್ಪನೆಯಿಲ್ಲ, ಮೇಲ್ಮಟ್ಟದಲ್ಲಿರುವ ವಸ್ತುಗಳು ಒಂದರೊಳಗೊಂದು ಹೊಕ್ಕಿದ್ದರೂ ಅವೆಲ್ಲ ತಾವಾಗಿ ಕೂಡಿಕೊಳ್ಳುತ್ತವೆ. ಪ್ರತಿಯೊಂದನ್ನೂ ಬೇರೆ ಬೇರೆ ರೀಜನ್ ಮಾಡಿದರೆ ‘ಓವರ್‌ಲ್ಯಾಪ್’ ಎಂಬ ದೂರು ಸಾಲುಸಾಲಾಗಿ ಬರುತ್ತದೆ. ಆದ್ದರಿಂದ ಇಡೀ ಮಾದರಿಯನ್ನು ಒಂದು ರೀಜನ್ ಮಾಡುವುದು ಸುರಕ್ಷಿತ ಆರಂಭ.

ಬಾಹುಗಳ ಸಂಖ್ಯೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಹೀಗಿದೆ. ಎಫ್‌ಎನ್ ಸೊನ್ನೆಯಾಗಿದ್ದರೆ ಬರೆದವರು ದುಂಡನ್ನೇ ಬಯಸಿದ್ದಾರೆ, ನಿಖರ ಸಿಲಿಂಡರ್ ಕೊಡಿ. ಎಫ್‌ಎನ್‌ಗೆ ಸಣ್ಣ ಬೆಲೆಯನ್ನು ಬರೆದೇ ಕೊಟ್ಟಿದ್ದರೆ ಬಹುಭುಜವನ್ನು ಬಯಸಿದ್ದಾರೆ. ನಡುವಿನ ಗಡಿ ಎಲ್ಲಿ ಎಂಬುದಕ್ಕೆ ಸರಿಯುತ್ತರವಿಲ್ಲ, ಆದ್ದರಿಂದ ಅದನ್ನು ಕೋಡ್‌ನಲ್ಲಿ ಹೂಳದೆ ಬಳಕೆದಾರರ ಆಯ್ಕೆಯಾಗಿ ಇಡಿ.

ಬೇರೆ ಜೋಡಿಯನ್ನು ಆರಿಸಿಕೊಂಡವರಿಗೆ

ಪಟ್ಟಿ ಮಾಡುವ ಕ್ರಮ ಯಾವ ಜೋಡಿಗೂ ಒಂದೇ, ಆದರೆ ಬಲೆಗಳು ಬೇರೆ. ಬೈನರಿ ಎಸ್‌ಟಿಎಲ್‌ನಲ್ಲಿ 80 ಬೈಟ್‌ಗಳ ತಲೆಬರಹ, 4 ಬೈಟ್‌ಗಳ ಎಣಿಕೆ, ಅನಂತರ ತ್ರಿಕೋನಕ್ಕೆ 50 ಬೈಟ್‌ಗಳಿರುತ್ತವೆ. ಪಠ್ಯರೂಪದ ಎಸ್‌ಟಿಎಲ್ ‘ಸಾಲಿಡ್’ ಎಂಬ ಪದದಿಂದ ಆರಂಭವಾಗುತ್ತದೆಂದು ನಂಬಿ ಅದರಿಂದಲೇ ಎರಡನ್ನೂ ಬೇರ್ಪಡಿಸಲು ಹೋಗಬೇಡಿ, ಏಕೆಂದರೆ ಕೆಲವು ತಂತ್ರಾಂಶಗಳು ಬೈನರಿಯ ತಲೆಬರಹದಲ್ಲೂ ಅದೇ ಪದವನ್ನು ಬರೆಯುತ್ತವೆ. ಎಣಿಕೆಯನ್ನು ಓದಿ, ಅದನ್ನು 50ರಿಂದ ಗುಣಿಸಿ 84 ಕೂಡಿಸಿದಾಗ ಕಡತದ ಗಾತ್ರಕ್ಕೆ ಸರಿಹೊಂದುತ್ತದೆಯೇ ಎಂದು ನೋಡುವುದು ನಂಬಬಹುದಾದ ದಾರಿ.

ಸಿವಿಲ್ ವಿಭಾಗದ ಗೆಳೆಯರಿಗಾಗಿ ಆಟೋಕ್ಯಾಡ್ ನಕ್ಷೆಗಳನ್ನು ಹಂಚಿಕೊಳ್ಳುವ ಡಿಎಕ್ಸ್‌ಎಫ್ ಫಾರ್ಮ್ಯಾಟ್ ಆರಿಸಿಕೊಂಡವರು ಎರಡು ವಿಷಯಗಳನ್ನು ಪಟ್ಟಿಯ ಮೇಲ್ತುದಿಯಲ್ಲೇ ಬರೆಯಬೇಕು. ಮೊದಲನೆಯದು ಸಂಖ್ಯೆಯ ನಿಖರತೆ. ಬೆಂಗಳೂರಿನ ಸರ್ವೆ ನಕ್ಷೆಯನ್ನು ಭೂಮಿಯ ಮೇಲಿನ ಸ್ಥಾನವನ್ನು ಮೀಟರ್‌ಗಳಲ್ಲಿ ಹೇಳುವ ಯುಟಿಎಂ ನಿರ್ದೇಶಾಂಕಗಳಲ್ಲಿ ಬರೆದರೆ ಉತ್ತರ ದಿಕ್ಕಿನ ಅಂಕಿ 14 ಲಕ್ಷ ಮೀಟರ್‌ಗಳ ಆಸುಪಾಸಿನಲ್ಲಿರುತ್ತದೆ. ಅಷ್ಟು ದೊಡ್ಡ ಅಂಕಿಯನ್ನು 32 ಬಿಟ್‌ನ ಫ್ಲೋಟ್‌ನಲ್ಲಿ ಇಟ್ಟರೆ ಅಕ್ಕಪಕ್ಕದ ಎರಡು ಬೆಲೆಗಳ ನಡುವಿನ ಅಂತರವೇ 12.5 ಸೆಂಟಿಮೀಟರ್ ಆಗುತ್ತದೆ, ನಿವೇಶನದ ಗಡಿಕಲ್ಲು ತನ್ನ ಜಾಗದಿಂದ ಆರು ಸೆಂಟಿಮೀಟರ್‌ವರೆಗೆ ಸರಿದು ಕೂರಬಹುದು. ಎಲ್ಲ ಕಡೆ 64 ಬಿಟ್ ಬಳಸಿ, ಅಥವಾ ಮೂಲಬಿಂದುವನ್ನು ಹತ್ತಿರಕ್ಕೆ ತಂದು ಆ ಸ್ಥಳಾಂತರವನ್ನು ದಾಖಲಿಸಿ. ಎರಡನೆಯದು ಕನ್ನಡ ಅಕ್ಷರ. ಆಟೋಕ್ಯಾಡ್ 2007ರ ಡಿಎಕ್ಸ್‌ಎಫ್‌ನಿಂದ ಈಚೆಗೆ ಪಠ್ಯ ಯುಟಿಎಫ್-8 ಎಂಬ ಯೂನಿಕೋಡ್ ರೂಪದಲ್ಲಿ ಇರುತ್ತದೆ. ಅದಕ್ಕೂ ಹಿಂದಿನವುಗಳಲ್ಲಿ ಕನ್ನಡದ ಒಂದೊಂದು ಅಕ್ಷರವೂ ಹಿಮ್ಮುಖ ಗೀಟಿನಿಂದ ಆರಂಭವಾಗುವ ಸಂಕೇತವಾಗಿ ಬರುತ್ತದೆ. ಯೂನಿಕೋಡ್‌ಗೆ ಮುಂಚಿನ ನುಡಿ ಅಥವಾ ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ನಕ್ಷೆಯಾದರೆ ಕಡತದಲ್ಲಿ ಇರುವುದು ಕನ್ನಡವೇ ಅಲ್ಲ, ಕನ್ನಡದಂತೆ ಕಾಣುವ ಲ್ಯಾಟಿನ್ ಸಂಕೇತಗಳು. ಇದನ್ನು ಸರಿಪಡಿಸುವುದು ಬೇರೆಯೇ ಪ್ರಾಜೆಕ್ಟ್. ಆದರೆ ಅದನ್ನು ಗುರುತಿಸಿ ಎಚ್ಚರಿಸುವುದು ನಿಮ್ಮ ಪರಿವರ್ತಕದಿಂದ ಆಗಬೇಕಾದ ಕೆಲಸ.

ಆಟೋಕ್ಯಾಡ್‌ನ ಸ್ವಂತ ಫಾರ್ಮ್ಯಾಟ್ ಆದ ಡಿಡಬ್ಲ್ಯೂಜಿಯನ್ನು ಆರಿಸಿಕೊಳ್ಳುವವರು ಪರವಾನಗಿಯನ್ನು ಮೊದಲು ಓದಬೇಕು. ಆ ಕಡತಗಳನ್ನು ಓದಲು ಗ್ನೂ ಯೋಜನೆ ಕೊಡುವ ಲಿಬ್ರೆಡಿಡಬ್ಲ್ಯೂಜಿ, ಜಿಪಿಎಲ್ ಎಂಬ ಮುಕ್ತ ಪರವಾನಗಿಯ 3ನೆಯ ಆವೃತ್ತಿಯ ಅಡಿಯಲ್ಲಿದೆ, ನಕ್ಷೆ ಬರೆಯುವ ಮುಕ್ತ ತಂತ್ರಾಂಶವಾದ ಲಿಬ್ರೆಕ್ಯಾಡ್ ಜಿಪಿಎಲ್ 2ರ ಅಡಿಯಲ್ಲಿದೆ, ಮತ್ತು ಈ ಎರಡನ್ನು ಒಂದೇ ಪ್ರೋಗ್ರಾಂನಲ್ಲಿ ಸೇರಿಸಿ ಹಂಚಲು ಆ ಪರವಾನಗಿಗಳು ಬಿಡುವುದಿಲ್ಲ. ಮೂರು ತಿಂಗಳು ದುಡಿದ ಕೋಡನ್ನು ಈ ಒಂದೇ ಕಾರಣಕ್ಕೆ ಯಾರೂ ಸ್ವೀಕರಿಸದಿದ್ದರೆ ಆಗುವ ನೋವು ದೊಡ್ಡದು.

ಪರೀಕ್ಷೆಯ ಕಡತಗಳು

ಪಟ್ಟಿಯ ಪ್ರತಿ ಸಾಲಿಗೂ ಒಂದೊಂದು ಪುಟ್ಟ ಕಡತವನ್ನು ಕೈಯಿಂದ ಬರೆಯಿರಿ, ಒಂದು ಕಡತದಲ್ಲಿ ಒಂದೇ ಪ್ರಶ್ನೆ ಇರಲಿ. ಜೊತೆಗೆ ಉತ್ತರವನ್ನೂ ಬರೆದಿಡಿ: ಈ ವಸ್ತುವಿನ ಘನಫಲ ಎಷ್ಟು, ಅದರ ಉದ್ದ, ಅಗಲ, ಎತ್ತರ ಎಷ್ಟು. ತೆರೆಯ ಮೇಲೆ ಚಿತ್ರ ಚೆನ್ನಾಗಿ ಕಂಡಿತೆಂಬುದು ಪರೀಕ್ಷೆಯಲ್ಲ. ಬಿಆರ್‌ಎಲ್-ಕ್ಯಾಡ್‌ನಲ್ಲಿ ‘ಜಿಕ್ಯೂಎ’ ಎಂಬ ಆದೇಶವಿದೆ. ಅದು ವಸ್ತುವಿನ ಮೂಲಕ ಕಿರಣಗಳ ಜಾಲವನ್ನು ಹಾಯಿಸಿ ಘನಫಲವನ್ನೂ ಒಂದರೊಳಗೊಂದು ನುಗ್ಗಿದ ಭಾಗಗಳನ್ನೂ ಹೇಳುತ್ತದೆ. ಓಪನ್‌ಸ್ಕ್ಯಾಡ್‌ನ ಕಡೆಯಿಂದ ಎಸ್‌ಟಿಎಲ್ ಪಡೆದು, ಪ್ರತಿ ತ್ರಿಕೋನವೂ ಮೂಲಬಿಂದುವಿನೊಡನೆ ಮಾಡುವ ಚತುರ್ಮುಖಿಯ ಚಿಹ್ನೆಸಹಿತ ಘನಫಲಗಳನ್ನು ಕೂಡಿಸುವ ಇಪ್ಪತ್ತು ಸಾಲಿನ ಪೈಥಾನ್ ಪ್ರೋಗ್ರಾಂ ಬರೆದರೆ ಎರಡನ್ನೂ ಹೋಲಿಸಬಹುದು.

ಹೋಲಿಸುವಾಗ ಎಷ್ಟು ವ್ಯತ್ಯಾಸ ಸಹಜ ಎಂಬುದನ್ನು ಮೊದಲೇ ಲೆಕ್ಕ ಹಾಕಿರಬೇಕು. ಏನನ್ನೂ ಬದಲಿಸದಿದ್ದರೆ ಓಪನ್‌ಸ್ಕ್ಯಾಡ್ 5 ಮಿಲಿಮೀಟರ್ ತ್ರಿಜ್ಯದ ಸಿಲಿಂಡರನ್ನು 16 ಬಾಹುಗಳಾಗಿ ಒಡೆಯುತ್ತದೆ, ಮತ್ತು ಮೂಲೆಗಳನ್ನು ವೃತ್ತದ ಮೇಲೆ ಇಡುತ್ತದೆ. ಆ ಬಹುಭುಜದ ವಿಸ್ತೀರ್ಣ ವೃತ್ತದ ವಿಸ್ತೀರ್ಣದ ಶೇ. 97.45 ಮಾತ್ರ. ಅಂದರೆ ನಿಮ್ಮ ಪರಿವರ್ತಕ ನಿಖರ ಸಿಲಿಂಡರ್ ಕೊಟ್ಟರೆ ಘನಫಲ ಸುಮಾರು ಶೇ. 2.6ರಷ್ಟು ಹೆಚ್ಚಾಗಿ ಬರಲೇಬೇಕು. ಅದನ್ನು ದೋಷವೆಂದು ತಿಳಿದು ಎರಡು ವಾರ ಹುಡುಕಾಡುವವರಿದ್ದಾರೆ. ಎಫ್‌ಎನ್ 200 ಎಂದು ಕೊಟ್ಟು ಓಪನ್‌ಸ್ಕ್ಯಾಡ್ ಕಡೆಯ ಲೆಕ್ಕ ಮಾಡಿದರೆ ಈ ಅಂತರ ಶೇ. 0.02ಕ್ಕಿಂತ ಕೆಳಗಿಳಿಯುತ್ತದೆ, ಆಗ ನಿಜವಾದ ದೋಷಗಳು ಎದ್ದು ಕಾಣುತ್ತವೆ. ಇದೇ ಲೆಕ್ಕದಿಂದ ಇನ್ನೊಂದು ಪರಿಣಾಮವೂ ತಿಳಿಯುತ್ತದೆ: 16 ಬಾಹುಗಳ ರಂಧ್ರ, ಬಾಹುವಿನ ನಡುವೆ ಅಳೆದಾಗ, 4.90 ಮಿಲಿಮೀಟರ್ ತ್ರಿಜ್ಯದ್ದು. ಅದು ನಿಖರ ವೃತ್ತವಾದಾಗ ಅದರಲ್ಲಿ ಕೂರುವ ಬೋಲ್ಟ್ ಸ್ವಲ್ಪ ಸಡಿಲವಾಗುತ್ತದೆ. ಬಳಕೆದಾರರಿಗೆ ಇದನ್ನು ದಾಖಲೆಯಲ್ಲಿ ತಿಳಿಸಿ.

ತುದಿಯಿಂದ ತುದಿಗೆ ಒಂದು ಸಣ್ಣ ದಾರಿ

ಕೋಡ್ ಬರೆಯಲು ಕುಳಿತಾಗ, ಮೊದಲು ಇಡೀ ಓದುವ ಭಾಗವನ್ನು ಮುಗಿಸಿ ಆಮೇಲೆ ಬರೆಯುವ ಭಾಗ ಎಂದು ವಿಂಗಡಿಸಬೇಡಿ. ಒಂದು ಗೋಳ, ಒಂದು ಪೆಟ್ಟಿಗೆ, ಒಂದು ಕಳೆಯುವ ಕ್ರಿಯೆ, ಇಷ್ಟನ್ನು ಮಾತ್ರ ಈ ತುದಿಯಿಂದ ಆ ತುದಿಗೆ ದಾಟಿಸಿ. ಬಿಆರ್‌ಎಲ್-ಕ್ಯಾಡ್‌ನ ಎಂಜೆಡ್ ಸಂಪಾದಕ ಪಠ್ಯರೂಪದ ಆದೇಶಗಳನ್ನು ಸ್ವೀಕರಿಸುವುದರಿಂದ, ಮೊದಲ ಆವೃತ್ತಿಯು ಜಿ ಕಡತವನ್ನು ಮುಟ್ಟದೆ ಆ ಆದೇಶಗಳ ಪಟ್ಟಿಯನ್ನಷ್ಟೇ ಬರೆದರೂ ಸಾಕು. ಪೈಥಾನ್‌ನಲ್ಲೇ ಇದನ್ನು ಮಾಡಬಹುದು. ಅರ್ಥದ ಪಟ್ಟಿ ಸರಿಯಿದೆಯೆಂದು ಖಾತ್ರಿಯಾದ ಮೇಲೆ, ಅದೇ ತಂತ್ರಾಂಶದ ಲಿಬ್‌ಡಬ್ಲ್ಯೂಡಿಬಿ ಗ್ರಂಥಾಲಯದ ಮೂಲಕ ಸಿ ಅಥವಾ ಸಿ++ ಭಾಷೆಯಲ್ಲಿ ಮರಳಿ ಬರೆಯಿರಿ.

ಈ ಹಂತದಲ್ಲಿ ಬಹುತೇಕ ಎಲ್ಲರೂ ಎಡವುವ ಜಾಗವೊಂದಿದೆ. ಬಿಆರ್‌ಎಲ್-ಕ್ಯಾಡ್‌ನ ಬೂಲಿಯನ್ ಸಾಲಿನಲ್ಲಿ ಸಂಯೋಗಕ್ಕೆ ಅತಿ ಕಡಿಮೆ ಆದ್ಯತೆ. ‘ಅ ಮತ್ತು ಆ ಎರಡನ್ನೂ ಕೂಡಿಸಿ, ಅದರಿಂದ ಇ ಅನ್ನು ಕಳೆ’ ಎಂಬ ಓಪನ್‌ಸ್ಕ್ಯಾಡ್ ಮರವನ್ನು ಒಂದೇ ಸಾಲಾಗಿ ಚಪ್ಪಟೆ ಮಾಡಿ ‘ಅ ಕೂಡಿಸು ಆ ಕಳೆ ಇ’ ಎಂದು ಬರೆದರೆ, ‘ಇ’ ಕಳೆಯುವುದು ‘ಆ’ ಎಂಬುದೊಂದರಿಂದ ಮಾತ್ರ. ಅ ಹಾಗೆಯೇ ಉಳಿಯುತ್ತದೆ, ರಂಧ್ರ ಅರ್ಧ ಮುಚ್ಚಿರುತ್ತದೆ. ಮರದ ಪ್ರತಿ ಗಂಟಿಗೂ ಪ್ರತ್ಯೇಕ ಕಾಂಬಿನೇಶನ್ (ಹೆಸರಿಟ್ಟ ಬೂಲಿಯನ್ ಗುಂಪು) ಸೃಷ್ಟಿಸಿದರೆ ಹೆಸರುಗಳು ಹೆಚ್ಚಾಗುತ್ತವೆ, ಆದರೆ ಅರ್ಥ ಕೆಡುವುದಿಲ್ಲ. ಚಪ್ಪಟೆ ಮಾಡುವ ಜಾಣತನ ಕೊನೆಯ ವಾರಗಳಿಗೆ ಇರಲಿ.

ವಾರಗಳ ಹಂಚಿಕೆ

ಹನ್ನೆರಡು ವಾರಗಳಿವೆಯೆಂದು ಇಟ್ಟುಕೊಳ್ಳೋಣ; ಮುಕ್ತ ತಂತ್ರಾಂಶಗಳಿಗೆ ಹೊಸಬರಿಂದ ಕೋಡ್ ಬರೆಸುವ ಗೂಗಲ್ ಸಮ್ಮರ್ ಆಫ್ ಕೋಡ್ ಕಾರ್ಯಕ್ರಮದ ಸಾಮಾನ್ಯ ಅವಧಿಯೂ ಅಷ್ಟೇ, ನಮ್ಮ ಕಾಲೇಜುಗಳ ಅಂತಿಮ ವರ್ಷದ ಸೆಮಿಸ್ಟರ್‌ನಲ್ಲಿ ನಿಜವಾಗಿ ಕೈಗೆ ಸಿಗುವುದೂ ಸುಮಾರು ಅಷ್ಟೇ. ಮೊದಲ ವಾರ ಗುರಿ ತಂತ್ರಾಂಶವನ್ನು ಮೂಲ ಕೋಡ್‌ನಿಂದ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಕಟ್ಟುವುದಕ್ಕೇ ಹೋಗುತ್ತದೆ, ಅದನ್ನು ಯೋಜನೆಯಲ್ಲಿ ಬರೆಯಲು ಸಂಕೋಚ ಬೇಡ. ಎರಡು ಮತ್ತು ಮೂರನೆಯ ವಾರ ಅರ್ಥದ ಪಟ್ಟಿಗೂ ಪರೀಕ್ಷೆಯ ಕಡತಗಳಿಗೂ. ನಾಲ್ಕನೆಯ ವಾರದ ಕೊನೆಗೆ ಸಣ್ಣ ದಾರಿ ತೆರೆದಿರಬೇಕು. ತೆರೆದಿಲ್ಲವಾದರೆ ವ್ಯಾಪ್ತಿಯನ್ನು ಅಂದೇ ಕಡಿಮೆ ಮಾಡಿ. ಎಂಟನೆಯ ವಾರದವರೆಗೆ ಕಾಯಬೇಡಿ. ಐದರಿಂದ ಒಂಬತ್ತನೆಯ ವಾರದವರೆಗೆ ಪಟ್ಟಿಯ ಸಾಲುಗಳನ್ನು ಒಂದೊಂದಾಗಿ ಮುಗಿಸುತ್ತ ಹೋಗಿ, ಮತ್ತು ಬಳಕೆಯಲ್ಲಿ ಹೆಚ್ಚು ಬರುವ ಆಕಾರಗಳನ್ನು ಮೊದಲು ಹಿಡಿಯಿರಿ. ನಾಲ್ವರ ತಂಡವಾದರೆ ಒಬ್ಬರು ಪರೀಕ್ಷೆಗಳನ್ನು ಮಾತ್ರ ನೋಡಿಕೊಳ್ಳಲಿ. ಆ ಪಾತ್ರವನ್ನು ಕೋಡ್ ಬಾರದವರಿಗೆ ತಳ್ಳುವ ರೂಢಿ ತಪ್ಪು, ತಂಡದಲ್ಲಿ ರೇಖಾಗಣಿತ ಚೆನ್ನಾಗಿ ತಿಳಿದವರೇ ಅದಕ್ಕೆ ತಕ್ಕವರು.

ಹತ್ತು ಮತ್ತು ಹನ್ನೊಂದನೆಯ ವಾರಗಳನ್ನು ವಿಮರ್ಶೆಗೆ ಬಿಡಿ. ಮುಕ್ತ ತಂತ್ರಾಂಶದ ನಿರ್ವಾಹಕರು ನಿಮ್ಮ ಕೋಡನ್ನು ತಮ್ಮ ಬಿಡುವಿನಲ್ಲಿ ಓದುತ್ತಾರೆ, ತಿದ್ದುಪಡಿ ಕೇಳುತ್ತಾರೆ, ಉತ್ತರ ಬರಲು ದಿನಗಳು ಹಿಡಿಯುತ್ತವೆ. ಇಡೀ ಕೆಲಸವನ್ನು ಒಂದೇ ಕಂತೆಯಾಗಿ ಕೊನೆಗೆ ಕಳುಹಿಸಿದರೆ ಯಾರೂ ಓದಲಾರರು. ಐದನೆಯ ವಾರದಿಂದಲೇ ಸಣ್ಣ ಸಣ್ಣ ಕಂತುಗಳಲ್ಲಿ ಕಳುಹಿಸಿ. ಪ್ರಸ್ತಾವನೆ ಸಲ್ಲಿಸುವುದಕ್ಕೂ ಮುಂಚೆ ಆ ತಂತ್ರಾಂಶದ ಯಾವುದಾದರೂ ಚಿಕ್ಕ ದೋಷವೊಂದನ್ನು ಸರಿಪಡಿಸಿ ಕಳುಹಿಸಿದ್ದರೆ, ಅವರ ಕ್ರಮ ನಿಮಗೆ ತಿಳಿದಿರುತ್ತದೆ, ನಿಮ್ಮ ಕೈಬರಹ ಅವರಿಗೆ ತಿಳಿದಿರುತ್ತದೆ.

ಪ್ರಸ್ತಾವನೆಯಲ್ಲಿ ಅರ್ಥದ ಪಟ್ಟಿಯನ್ನೇ ನಡುವಿನಲ್ಲಿ ಇಡಿ. ‘ಇಲ್ಲ’ ಎಂದು ಬರೆದ ಸಾಲುಗಳನ್ನು ಮುಚ್ಚಿಡಬೇಡಿ, ಅವು ನಿಮ್ಮ ತಿಳಿವಳಿಕೆಯನ್ನು ತೋರಿಸುತ್ತವೆ. ಕಾಲೇಜಿನ ಮೌಲ್ಯಮಾಪನದಲ್ಲಿ ‘ಹಲ್ ಏಕೆ ಕೆಲಸ ಮಾಡುವುದಿಲ್ಲ’ ಎಂದು ಕೇಳಿದಾಗ ‘ಮೂರನೆಯ ವಾರವೇ ಅದನ್ನು ವ್ಯಾಪ್ತಿಯಿಂದ ಹೊರಗಿಟ್ಟೆವು, ಕಾರಣ ಇದು’ ಎಂದು ದಾಖಲೆ ತೋರಿಸುವ ತಂಡದ ಸ್ಥಾನ ಗಟ್ಟಿಯಾಗಿರುತ್ತದೆ.

ಕೊನೆಯ ವಾರದಲ್ಲಿ ಹೊಸ ಕೋಡ್ ಬರೆಯಬೇಡಿ. ಪರಿವರ್ತಕ ಕೊಡುವ ಎಚ್ಚರಿಕೆಗಳನ್ನು ಓದಿ, ಅವು ಬಳಕೆದಾರರಿಗೆ ತಿಳಿಯುವ ಮಾತಿನಲ್ಲಿವೆಯೇ ನೋಡಿ: ‘ಅಂದಾಜು ಮಾಡಲಾಗಿದೆ’ ಎಂದಷ್ಟೇ ಹೇಳದೆ, ಮೂಲ ಕಡತದ ಯಾವ ಸಾಲಿನ ಯಾವ ಆಕಾರ ಏನಾಗಿ ಬದಲಾಗಿದೆ ಎಂದು ಅದು ಹೇಳಬೇಕು. ಪರೀಕ್ಷೆಯ ಕಡತಗಳನ್ನೂ ಅವುಗಳ ನಿರೀಕ್ಷಿತ ಉತ್ತರಗಳನ್ನೂ ಕೋಡ್ ಜೊತೆಗೇ ಸೇರಿಸಿ. ಮುಗಿಯದೆ ಉಳಿದ ಪ್ರತಿ ಸಾಲಿಗೂ ತಂತ್ರಾಂಶದ ದೋಷಪಟ್ಟಿಯಲ್ಲಿ ಒಂದೊಂದು ನಮೂದು ತೆರೆದು, ಅದಕ್ಕೆ ಸಂಬಂಧಿಸಿದ ಪರೀಕ್ಷೆಯ ಕಡತವನ್ನು ಲಗತ್ತಿಸಿ, ನೀವು ಎಲ್ಲಿಯವರೆಗೆ ಹೋಗಿದ್ದಿರಿ ಎಂದು ನಾಲ್ಕು ಸಾಲು ಬರೆಯಿರಿ; ಮುಂದಿನ ವರ್ಷದ ತಂಡ ಅದನ್ನು ಅಲ್ಲಿಂದಲೇ ಎತ್ತಿಕೊಳ್ಳುತ್ತದೆ.